ಸೋಸಿದ ನೀರು

ಅವತ್ತು ಬೆಳಿಗ್ಗೆ ನೇತ್ರಾವತಿಯ ಮೇಲೆ ಮಂಜು ಕವಿದಿತ್ತು. ಧನುರ್ಮಾಸದ ಮಂಜು. ಕಾಸಿದ ಹಾಲಿನ ಕೆನೆಯಷ್ಟು ದಪ್ಪ.

ಎಷ್ಟು ದಪ್ಪವೆಂದರೆ... ನನ್ನ ತಲೆಯನ್ನು ನೀರಿಗೆ ಒತ್ತಿ ಹಿಡಿದಿದ್ದ ಕೈ ಯಾರದೆಂದೇ ಕಾಣಲಿಲ್ಲ!

ಕೈ ಮಾತ್ರ ಅಪ್ಪಟ ಕೈ. ದಿಮ್ಮಿ ಎತ್ತಿ, ಸ್ಟೇರಿಂಗ್ ತಿರುಗಿಸಿ ಪಳಗಿದ್ದು. ಅದು ಕುತ್ತಿಗೆ ಹಿಡಿದು ಒತ್ತಿದರೆ ಕೋಣವೂ ಮಂಡಿಯೂರಬೇಕು.

ನಾನು ಕೋಣವಲ್ಲ. ಒದ್ದಾಡಲಿಲ್ಲ.

ಪಂಚನಮಸ್ಕಾರ ಮಂತ್ರವನ್ನು ಮನಸ್ಸಿನಲ್ಲೇ ಶುರು ಮಾಡಿದೆ. ಣಮೋ ಅರಿಹಂತಾಣಂ... ನಿಧಾನವಾಗಿ. ಉಸಿರು ಹಿಡಿಯುವವನಿಗೆ ಅದಕ್ಕಿಂತ ಒಳ್ಳೆಯ ಗಡಿಯಾರವಿಲ್ಲ. ಒಂದು ಸುತ್ತು ಮುಗಿಯಿತು. ಕೈಕಾಲು ಸಡಿಲ ಬಿಟ್ಟೆ. ಇನ್ನೊಂದು ಸುತ್ತು. ಬಾಳೆದಿಂಡಿನ ಹಾಗೆ ತೇಲಿದೆ.

ಮೇಲೆ ಒಂದು ಸ್ವರ ತನ್ನ ಜೊತೆಗಾರನಿಗೆ ಹೇಳಿತು. "ಹೋದ ಮಾರಾಯ ಇವ. ಸಾಕು ಬಾ, ಹೋಗುವ."

ಕೈ ಬಿಟ್ಟಿತು.

ಸುಳ್ಳು ಹೇಳಬಾರದೆಂದು ನನಗೊಂದು ವ್ರತವಿದೆ. ಆದರೆ ಸತ್ತವನ ಹಾಗೆ ತೇಲುವುದು ಸುಳ್ಳಲ್ಲ. ನಾನೇನೂ ಹೇಳಲಿಲ್ಲವಲ್ಲ!

ನೀರಿನಡಿಯಲ್ಲೇ ಜಾರಿಕೊಂಡು ಹೋಗಿ ಕೇದಗೆಯ ಪೊದೆಯ ಬುಡದಲ್ಲಿ ತಲೆ ಎತ್ತಿದೆ. ಎದೆ ಬಿರಿಯುತ್ತಿತ್ತು. ಅಂಗಿಯೊಳಗೆ ಮೊಳದುದ್ದದ ಹಲಗೆಯ ಚೂರೊಂದು ಪಕ್ಕೆಲುಬಿಗೆ ಚುಚ್ಚುತ್ತಿತ್ತು.

ಚುಚ್ಚಲಿ. ಅದಕ್ಕಾಗಿಯೇ ನಾನು ಆ ಮಡುವಿಗೆ ಇಳಿದದ್ದು.

ಕತೆಯನ್ನು ನಡುನೀರಿನಿಂದ ಹೇಳಿದರೆ ನಿಮಗೆ ದಡ ಕಾಣುವುದು ಹೇಗೆ? ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಹತ್ತಿರ ಬನ್ನಿ.

ನನ್ನ ಹೆಸರು ಮುನಿರಾಜ. ಊರು ಮೂಡುಬಿದಿರೆ. ಅನ್ನ ಮಾತ್ರ ಮಂಗಳೂರಿನ ಬಂದರಿನದು. ಕಡಲಿನಲ್ಲಿ ಹಾಯಿ ಕಟ್ಟಿ ಸರಕು ಸಾಗಿಸುವ ಮಂಜಿಗಳು ಮುಳುಗಿದರೆ, ಯಾಕೆ ಮುಳುಗಿದವೆಂದು ನಾನೂ ಮುಳುಗಿ ನೋಡಿ ಇನ್ಶೂರೆನ್ಸಿನವರಿಗೆ ರಿಪೋರ್ಟ್ ಕೊಡಬೇಕು. ಕಡಲು ಸುಳ್ಳು ಹೇಳುವುದಿಲ್ಲ. ಮಾಲೀಕರು ಹೇಳುತ್ತಾರೆ. ಇಷ್ಟು ವರ್ಷಕ್ಕೆ ನಾನು ಕಲಿತ ವಿದ್ಯೆ ಇಷ್ಟೇ.

ಅದು ಅರವತ್ತೊಂದನೇ ಇಸವಿ. ಬಂಟ್ವಾಳದಿಂದ ಬೆಳ್ತಂಗಡಿಯ ಕಡೆಗೆ ಹೋಗುವಾಗ ಪೊಯ್ಯೆಕಡವು ಎಂಬ ದೋಣಿಗಟ್ಟದಲ್ಲಿ ಹೊಳೆ ದಾಟಬೇಕು. ಸೇತುವೆಯಿಲ್ಲ. ಎರಡು ದೋಣಿಗಳನ್ನು ಒಂದಕ್ಕೊಂದು ಬಿಗಿದು, ಮೇಲೆ ಹಲಗೆ ಹಾಸಿದರೆ ಅದೇ ಜಂಗಲ್. ಜನ, ದನ, ಅಕ್ಕಿಮುಡಿ, ಮದುಮಗಳು... ಎಲ್ಲರಿಗೂ ಅದೇ ದಾರಿ. ಹಿಂದಿನ ವಾರ ಆ ಜಂಗಲ್ ನಡುನೀರಿನಲ್ಲಿ ಬಿರಿದು ಮುಳುಗಿತು.

ಒಂಬತ್ತು ಹೆಣ!

ಮಳೆಗಾಲವೇ? ಅಲ್ಲ. ನೆರೆಯೇ? ಇಲ್ಲ. ಗಾಳಿಯೇ? ಎಲೆ ಅಲುಗಿರಲಿಲ್ಲ. ಮಲಗಿದ ಹಸುವಿನಂಥ ಹೊಳೆ. ಅದರಲ್ಲಿ ಒಂಬತ್ತು ಜನ ಸತ್ತರು.

ಪೊಲೀಸರು ಜಂಗಲ್ ನಡೆಸುತ್ತಿದ್ದ ಅಣ್ಣುವನ್ನು ಹಿಡಿದರು. ಕುಡಿದಿದ್ದನಂತೆ. ಹೆಚ್ಚು ಜನರನ್ನು ಹತ್ತಿಸಿದ್ದನಂತೆ. ಆಗ ಪಾನನಿಷೇಧದ ಕಾಲ. ಕುಡಿದಿದ್ದ ಎಂದರೆ ಅರ್ಧ ಶಿಕ್ಷೆ ಆದ ಹಾಗೆಯೇ. ಕಡವಿನ ಗುತ್ತಿಗೆದಾರ ಸಂಪತ್‌ಕುಮಾರ ಹೆಣಗಳಿಗೆ ಬಿಳಿ ಬಟ್ಟೆ ಹೊದೆಸಿದ. ಕಣ್ಣೊರೆಸಿಕೊಂಡ. ಊರು ಸೂತಕ ಕಳೆಯುವ ಮೊದಲೇ ತನ್ನ ಎರಡನೇ ಜಂಗಲನ್ನು ಅದೇ ಕಡವಿಗೆ ಇಳಿಸಿದ! ಬೇರೆ ದಾರಿಯಿಲ್ಲದ ಜನ ಅದನ್ನೂ ಹತ್ತಿದರು.

ಸತ್ತವರಲ್ಲಿ ಒಬ್ಬಳು ಸೇಸಮ್ಮ. ಅಣ್ಣುವಿನ ತಾಯಿ.

ಹೆತ್ತ ತಾಯಿ ಕಣ್ಣೆದುರೇ ಮುಳುಗಿದ್ದಳು. ಆದರೂ ಅಣ್ಣು ಬಾಯಿ ಬಿಡಲಿಲ್ಲ. ಕುಡಿದಿದ್ದೆ ಎನ್ನಲಿಲ್ಲ. ಇಲ್ಲ ಎನ್ನಲಿಲ್ಲ. ಜಂಗಲ್ ಯಾಕೆ ಒಡೆಯಿತೆಂದು ಕೇಳಿದರೆ ನೆಲ ನೋಡಿದ.

ಅವನ ಹೆಂಡತಿ ಕಾಂತಿ, ತುಂಬು ಬಸುರಿ, ಬಸ್ಸು ಹತ್ತಿ ಬಂದು ನನ್ನ ಜಗಲಿಯಲ್ಲಿ ಕೂತಳು.

"ಜೈನರೇ, ನೀವು ಮುಳುಗಿದ್ದನ್ನು ಮೇಲೆ ತೆಗೆಯುವವರಂತೆ. ನನ್ನ ಗಂಡನನ್ನೂ ತೆಗೆದುಕೊಡಿ."

ಕೋಪವನ್ನು ನಮ್ಮ ಶಾಸ್ತ್ರದಲ್ಲಿ ಕಷಾಯ ಎನ್ನುತ್ತಾರೆ. ಆತ್ಮಕ್ಕೆ ಹತ್ತುವ ಅಂಟು. ಅದನ್ನು ತೊಳೆದುಕೊಳ್ಳಲೆಂದೇ ದಿನಾ ಬಸದಿಗೆ ಹೋಗುತ್ತೇನೆ. ಆ ವಾರ ತೊಳೆದಷ್ಟೂ ಅಂಟಿತು. ಯಾಕೆಂದರೆ ಬಸದಿಯಲ್ಲಿ ನನ್ನ ಪಕ್ಕದಲ್ಲೇ ಕಣ್ಣು ಮುಚ್ಚಿ ಕೂರುವವನು ಸಂಪತ್‌ಕುಮಾರ!

ಸರಿ. ಈಗ ಪುನಃ ಹೊಳೆಯ ದಡಕ್ಕೆ ಬನ್ನಿ.

ರಸ್ತೆಯ ತಿರುವಿನಲ್ಲಿ ಅಬ್ದುಲ್ ಸಲಾಂ ತನ್ನ ಮುದಿ ಆಸ್ಟಿನ್ ಕಾರಿಗೆ ಒರಗಿ ಬೀಡಿ ಸೇದುತ್ತಿದ್ದ. ನನಗೆ ಬೇಕಾದಾಗಲೆಲ್ಲ ಬಾಡಿಗೆಗೆ ಬರುವವನು ಅವನೇ. ನನ್ನನ್ನು ನೋಡಿ ಬೀಡಿ ಬಿಸಾಡಿದ.

"ಎಂತ ಜೈನರೇ ಇದು! ಬೆಳಿಗ್ಗೆ ಬೆಳಿಗ್ಗೆ ತೀರ್ಥಸ್ನಾನವಾ?"

"ಮಾಡಿಸಿದರು."

"ಯಾರು?"

"ಮುಖ ಕಾಣಲಿಲ್ಲ. ಸ್ವರ ಕೇಳಿದೆ. ಕುಶಾಲಪ್ಪ."

ಸಲಾಂ ಕಾರು ಸ್ಟಾರ್ಟ್ ಮಾಡಿದ. ಕುಶಾಲಪ್ಪ ಯಾರೆಂದು ಅವನಿಗೆ ಹೇಳಬೇಕಾಗಿರಲಿಲ್ಲ. ಸಂಪತ್‌ಕುಮಾರನ ಲಾರಿ ಡ್ರೈವರ್. ಚಾರ್ಮಾಡಿ ಘಾಟಿಯಲ್ಲಿ ಬ್ರೇಕಿಲ್ಲದ ಲಾರಿಯಲ್ಲಿ ಮರ ಇಳಿಸಿದ್ದೇನೆಂದು ಹೋಟೆಲುಗಳಲ್ಲಿ ಎದೆ ತಟ್ಟಿಕೊಳ್ಳುವವನು. ಮುಳುಗಿದ ಜಂಗಲಿನ ಹಲಗೆಗಳನ್ನೆಲ್ಲ ಎಳೆದು ತೆಗೆದು ಸುಣ್ಣದ ಗೂಡಿಗೆ ಹಾಕಿ ಸುಟ್ಟವನೂ ಅವನೇ. ಮಡುವಿನ ತಳದಲ್ಲಿ ಒಂದು ಚೂರು ಉಳಿದಿತ್ತು. ಅದೀಗ ನನ್ನ ತೊಡೆಯ ಮೇಲಿತ್ತು.

ಹೊರಗಡೆ ಡಾಂಬರು, ಕಪ್ಪಗೆ ಮಿರಿಮಿರಿ. ನೋಡಿದರೆ ಗಟ್ಟಿ ಹಲಗೆ. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದೆ.

ಬೆರಳು ಒಳಗೆ ಹೋಯಿತು!

ಸಲಾಂ ಬಗ್ಗಿ ನೋಡಿದ. ಹಲಗೆಯ ಹೊಟ್ಟೆಯೊಳಗೆ ಕೊಳವೆ ಕೊಳವೆ. ಪ್ರತಿಯೊಂದು ಕೊಳವೆಗೂ ಸುಣ್ಣ ಬಳಿದ ಹಾಗೆ ಬಿಳಿ ಪೊರೆ.

"ಇದೆಂತ ಮಾರ್ರೆ, ಜೇನುಗೂಡಾ?"

"ಉಪ್ಪುನೀರಿನ ಹುಳ. ಹೊರಗೆ ಸೂಜಿಮೊನೆಯಷ್ಟು ತೂತು. ಒಳಗೆ ಹೊಕ್ಕು ಇಡೀ ಹಲಗೆ ತಿಂದು ಹಾಕ್ತದೆ. ಕಡಲಲ್ಲಿ ಮಾತ್ರ ಬದುಕುವ ಹುಳ. ಸಿಹಿನೀರಿಗೆ ಬಂದರೆ ಸಾಯ್ತದೆ."

"ಹಾಗಾದರೆ ಬಂಟ್ವಾಳದ ಹೊಳೆಯ ದೋಣಿಗೆ ಹೇಗೆ ಬಂತು?"

"ಅದೇ ಪ್ರಶ್ನೆ. ಈ ಮರ ಹೊಳೆಯದ್ದಲ್ಲ ಸಲಾಂ. ಕಡಲಲ್ಲಿ ಸತ್ತ ಯಾವುದೋ ಮಂಜಿಯನ್ನು ಒಡೆದು, ಆ ಹಲಗೆಯಿಂದ ಜಂಗಲ್ ಕಟ್ಟಿದ್ದಾರೆ. ಮೇಲೆ ಡಾಂಬರು."

"ಥೂ!" ಸಲಾಂ ಕಿಟಕಿಯಿಂದ ಉಗಿದ. "ಹೆಣಕ್ಕೆ ಅತ್ತರು ಪೂಸಿದ ಹಾಗೆ!"

ತಿರುವೊಂದನ್ನು ದಾಟಿಸಿದ. ಆಮೇಲೆ ಮೆಲ್ಲಗೆ ಕೇಳಿದ. "ಮತ್ತೆ ಎರಡನೇ ಜಂಗಲ್?"

"ಅದೇ ಮಂಜಿಯ ಉಳಿದರ್ಧ ಇರಬೇಕು. ಆದರೆ ನನಗೆ ಅನಿಸಿದರೆ ಸಾಲದು. ತಂದವರು ಯಾರಾದರೂ ಹೇಳಬೇಕು."

ಬಂಟ್ವಾಳದ ಲಾಕಪ್ಪಿನಲ್ಲಿ ಹೆಡ್ ಕಾನ್ಸ್‌ಟೇಬಲ್ ನನ್ನ ಒದ್ದೆ ಪಂಚೆ ನೋಡಿ ಕನಿಕರಪಟ್ಟು ಒಳಗೆ ಬಿಟ್ಟ. ಅಣ್ಣು ಗೋಡೆಗೆ ಒರಗಿ ಕೂತಿದ್ದ. ಹಲಗೆಯ ಚೂರನ್ನು ಅವನ ಕೈಗೆ ಕೊಟ್ಟೆ. ಮೂಗಿಗೆ ಹಿಡಿದ. ಕಣ್ಣಲ್ಲಿ ನೀರು ಬಂತು.

"ಯಾವ ಮಂಜಿಯದು ಅಣ್ಣು?"

ಮಾತಿಲ್ಲ.

"ನಾಳೆ ಬೆಳಿಗ್ಗೆ ಕಡವಿನಲ್ಲೇ ವಿಚಾರಣೆ. ನೀನು ಹೇಳದಿದ್ದರೆ ಒಂಬತ್ತು ಹೆಣವೂ ನಿನ್ನ ತಲೆಗೆ. ಗೊತ್ತುಂಟಲ್ಲ?"

ಮಾತಿಲ್ಲ.

"ಇವತ್ತೂ ಆ ಎರಡನೇ ಜಂಗಲ್ ಹತ್ತಿ ಜನ ಹೋಗ್ತಾ ಇದ್ದಾರೆ! ನಿನ್ನ ಅಮ್ಮ ಹೋದ ಹಾಗೆ ಹೋಗಬೇಕಾ ಅವರು?"

ತುಟಿ ಕಚ್ಚಿಕೊಂಡ. ರಕ್ತ ಒಸರಿತು. ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಮಗುವನ್ನು ಕೊಡುವ ಹಾಗೆ ನನಗೆ ಹಿಂದೆ ಕೊಟ್ಟ.

"ಕಾಂತಿಗೆ ಹುಷಾರಾಗಿರಲಿಕ್ಕೆ ಹೇಳಿ ಜೈನರೇ." ಅಷ್ಟೇ.

ಕಾಂತಿ ಹೊರಗೆ ಗಂಜಿಯ ತೂಕುಪಾತ್ರೆ ಹಿಡಿದು ನಿಂತಿದ್ದಳು. ನನ್ನ ಮುಖ ನೋಡಿದವಳಿಗೆ ತಿಳಿಯಿತು.

"ಅವರು ಹೇಳುವುದಿಲ್ಲ. ದೈವದ ಆಣೆ ಇಟ್ಟು ಸತ್ಯ ಹಾಕಿದ್ದಾರೆ."

"ಎಲ್ಲಿ?"

"ತೋಡಾರಿನಲ್ಲಿ. ಸಂಪತ್‌ಕುಮಾರರ ಮನೆಯ ದೈವದ ಎದುರು. ಹಲಗೆ ಎಲ್ಲಿಂದ ಬಂತೆಂದು ಯಾರಿಗೂ ಹೇಳುವುದಿಲ್ಲ, ಹೇಳಿದರೆ ನನ್ನ ಕುಡಿ ಉಳಿಯದಿರಲಿ ಅಂತ. ಅರಶಿನ ಬಟ್ಟೆಯಲ್ಲಿ ನಾಣ್ಯ ಕಟ್ಟಿಸಿ ಮುಡಿಪು ಇಡಿಸಿಕೊಂಡರು. ಕಳ್ಳಮಾಲು ಇರಬೇಕು, ನಮಗೆಂತ ಅಂತ ಇವರು ಕೈಮುಗಿದು ಬಂದರು." ಅವಳ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. "ಆಗ ಇದು ಇರಲಿಲ್ಲ ಜೈನರೇ. ಈಗ ಉಂಟು."

ಕೇಳಿದಿರಾ?

ಚಾಕು ತೋರಿಸಿದ್ದರೆ ಅಣ್ಣು ನಕ್ಕುಬಿಡುತ್ತಿದ್ದ. ನೆರೆಯ ನೀರಿಗೆ ಎದೆ ಕೊಟ್ಟವನು. ಸಂಪತ್‌ಕುಮಾರ ಚಾಕು ತೋರಿಸಲಿಲ್ಲ. ದೈವವನ್ನೇ ಚಾಕು ಮಾಡಿ ಹುಟ್ಟದ ಮಗುವಿನ ಕುತ್ತಿಗೆಗೆ ಇಟ್ಟಿದ್ದ!

"ಆ ಗಂಟು ಬಿಚ್ಚುವ ದಾರಿ ಎಂತ?"

"ಇಡಿಸಿಕೊಂಡ ಮನೆಯವರೇ ಮುಡಿಪನ್ನು ಹಿಂದೆ ಕೊಡಬೇಕು. ಅದೂ ಮನೆಯ ಯಜಮಾನರಾದವರು. ಕೊಟ್ಟರೆ ಮಾತು ಮುಗಿಯಿತು, ದೈವಕ್ಕೂ ಕೋಪವಿಲ್ಲ." ಅವಳು ನಕ್ಕಳು. ಅಳುವಿಗಿಂತ ಕೆಟ್ಟ ನಗು. "ಅವರು ಯಾಕೆ ಕೊಡ್ತಾರೆ?"

"ಸಲಾಂ, ತೋಡಾರಿಗೆ ಬಿಡು."

ಸಿದ್ಧಕಟ್ಟೆ ದಾಟುವಾಗ ಕನ್ನಡಿಯಲ್ಲಿ ಕೆಂಪು ಧೂಳು ಕಾಣಿಸಿತು. ಧೂಳಿನ ನಡುವೆ ಒಂದು ಲಾರಿ.

"ಬಂದ ನಿಮ್ಮ ಪುರೋಹಿತ," ಎಂದ ಸಲಾಂ. "ಸ್ನಾನದ ದಕ್ಷಿಣೆ ಬಾಕಿ ಉಂಟಂತೆ!"

ಆಸ್ಟಿನ್ ಕೆಮ್ಮಿತು, ಹಾರಿತು, ನರಳಿತು. ಇಳಿಜಾರಿನಲ್ಲಿ ಲಾರಿ ಹಿಂದಿನಿಂದ ಗುದ್ದಿತು. ಧಡ್! ಹಿಂಬದಿಯ ಗಾಜು ಉದುರಿತು. ತಿರುವು! ಸಲಾಂ ಅಲ್ಲಾಹನನ್ನು ಕರೆದ. ನಾನು ಪಾರ್ಶ್ವನಾಥನನ್ನು ಕರೆದೆ. ಯಾರು ಮೊದಲು ಬಂದರೋ ಗೊತ್ತಿಲ್ಲ, ಕಾರು ಮಗುಚಲಿಲ್ಲ. ಇನ್ನೊಂದು ಗುದ್ದು! ಕಾರು ರಸ್ತೆ ಬಿಟ್ಟು ಗದ್ದೆಯ ಅಂಚಿಗೆ ಮೂಗು ಊರಿ ನಿಂತಿತು. ಲಾರಿ ಮುಂದೆ ಹೋಗಿ ಅಡ್ಡ ತಿರುಗಿತು.

ಕುಶಾಲಪ್ಪ ಕಬ್ಬಿಣದ ಸಲಾಕೆ ಹಿಡಿದು ಇಳಿದ. ಹತ್ತಿರ ಬಂದ. ಹೊಳೆಯ ಹತ್ತಿರ ಕಂಡ ಸಲಾಂನ ಬಾಯಿ ಮುಚ್ಚಿಸಲು ಬಂದವನಿರಬೇಕು, ನನ್ನ ಮುಖ ನೋಡಿ ಅವನ ಬಣ್ಣ ಬಿಟ್ಟಿತು.

"ನೀನು... ನೀನು ಸತ್ತಿದ್ದೀಯಲ್ಲಾ!"

"ನಾನು ಹಾಗೆ ಹೇಳಲಿಲ್ಲ."

ಸಾವರಿಸಿಕೊಳ್ಳಲು ಅವನಿಗೆ ಒಂದು ಉಗುಳು ನುಂಗುವಷ್ಟು ಹೊತ್ತು ಬೇಕಾಯಿತು. "ಮಡುವಿನಿಂದ ಎಂತ ತಂದಿದ್ದೀ?"

"ಎಂತ ತರುವುದು ಮಾರಾಯ?" ಸಲಾಂ ನಡುವೆ ನುಗ್ಗಿದ. "ಹೊಟ್ಟೆ ತುಂಬ ನೀರು ತಂದಿದ್ದಾರೆ. ಬೇಕಾ?"

"ನೀನು ಬಾಯಿ ಮುಚ್ಚು ಬ್ಯಾರಿ. ಇವ ಹೇಳಲಿ." ಕುಶಾಲಪ್ಪನ ಮುಖದಲ್ಲಿ ನಗು ಹರಡಿತು. "ಧನಿಗಳು ಹೇಳಿದ್ದಾರೆ, ಇವನಿಗೆ ಸುಳ್ಳು ಹೇಳಲಿಕ್ಕೆ ಬರುವುದಿಲ್ಲವಂತೆ. ನೋಡುವ. ಹಲಗೆ ಇಲ್ಲ ಅಂತ ಒಂದು ಮಾತು ಹೇಳು. ಬಿಟ್ಟು ಹೋಗ್ತೇನೆ. ನನ್ನ ತಾಯಾಣೆ."

ಸಲಾಂ ನನ್ನನ್ನು ನೋಡಿದ. ಕಣ್ಣಲ್ಲೇ ಬೇಡಿದ.

ಇಲ್ಲ. ಎರಡಕ್ಷರ. ನಾಲಗೆಯ ತುದಿಗೆ ಬಂತು. ಅಲ್ಲಿಗೇ ನಿಂತಿತು. ಹದಿನಾರನೇ ವಯಸ್ಸಿನಲ್ಲಿ ಬಸದಿಯಲ್ಲಿ ತೆಗೆದುಕೊಂಡ ವ್ರತ ಗಂಟಲಿಗೆ ಅಡ್ಡ ಕೂತಿತ್ತು.

"ಉಂಟು," ಎಂದೆ.

ಕುಶಾಲಪ್ಪ ಹೊಟ್ಟೆ ಹಿಡಿದು ನಕ್ಕ! ಸೀಟಿನಡಿಯಿಂದ ಹಲಗೆಯನ್ನು ತೆಗೆದ. ಲಾರಿಯ ಚಕ್ರದ ಕೆಳಗೆ ಇಟ್ಟು ಹಿಂದೆ ಮುಂದೆ ಓಡಿಸಿದ. ಹಪ್ಪಳ! ಉಳಿದದ್ದು ಒಂದು ಹಿಡಿ ಪುಡಿ. ಅದೂ ಗಾಳಿಗೆ ಹೋಯಿತು.

ಲಾರಿ ಮರೆಯಾದ ಮೇಲೆ ಸಲಾಂ ಗದ್ದೆಯ ಅಂಚಿನಲ್ಲಿ ಕುಕ್ಕರಿಸಿದ.

"ಒಂದು 'ಇಲ್ಲ'! ನಿಮ್ಮ ಬಾಯಿಗೆ ಅಷ್ಟು ಭಾರವಾ ಅದು?"

"ಹೌದು."

"ಆ ಹುಡುಗಿಯ ಹೊಟ್ಟೆಗಿಂತ ಭಾರವಾ?"

ನಾನು ಬಗ್ಗಿ ಸೀಟಿನ ಮೇಲಿನ ಗಾಜಿನ ಚೂರು ಹೆಕ್ಕತೊಡಗಿದೆ.

ದಾರಿಹೋಕರು ಸೇರಿ ಕಾರನ್ನು ಎತ್ತಿ ರಸ್ತೆಗಿಟ್ಟರು. "ಇನ್ನು ಎಲ್ಲಿಗೆ?" ಎಂದ ಸಲಾಂ.

"ತೋಡಾರಿಗೇ."

"ಹುಲಿಯ ಬಾಯಿಗೆ?"

"ಹಲ್ಲು ಎಣಿಸಿ ಬರುವ."

ಹೊತ್ತು ಇಳಿಯುತ್ತಿತ್ತು. ಸಂಪತ್‌ಕುಮಾರನ ಮನೆಯ ಚಾವಡಿಯಲ್ಲಿ ಬಾಳೆಲೆ ಹಾಕಿತ್ತು. ಸೂರ್ಯ ಮುಳುಗಿದ ಮೇಲೆ ನಾವು ಉಣ್ಣುವವರಲ್ಲ. ದೀಪಕ್ಕೆ ಬೀಳುವ ಹುಳ ಅನ್ನಕ್ಕೆ ಬಿದ್ದು ಸಾಯಬಾರದು ನೋಡಿ!

"ಬಾ ಮುನಿರಾಜ," ಎಂದ ಸಂಪತ್‌ಕುಮಾರ, ಎದ್ದು ನಿಂತು, ಕೈಮುಗಿದು. "ಸರಿಯಾದ ಹೊತ್ತಿಗೆ ಬಂದೆ. ಇನ್ನೊಂದು ಎಲೆ ಹಾಕಿಸ್ತೇನೆ."

ಬೆಳಗಿನಿಂದ ನನ್ನ ಹೊಟ್ಟೆಗೆ ಹೊಳೆಯ ನೀರಲ್ಲದೆ ಏನೂ ಬಿದ್ದಿರಲಿಲ್ಲ.

"ನಿನ್ನ ಮನೆಗೆ ಒಂಬತ್ತು ಸಾವಿನ ಸೂತಕ ಉಂಟು. ನಾನು ಉಣ್ಣುವುದಿಲ್ಲ. ಅಣ್ಣುವಿನ ಮುಡಿಪು ಕೊಡು. ಹೋಗ್ತೇನೆ."

ಅವನು ಕೂತ. ಅನ್ನ ಕಲಸಿದ. "ಯಾವ ಮುಡಿಪು?"

"ಹುಳ ತಿಂದ ಹಲಗೆ ಬಾಯಿ ಬಿಡದ ಹಾಗೆ ಕಟ್ಟಿಸಿದ್ದೀಯಲ್ಲ, ಅದು."

"ಹಲಗೆಯಾ? ಯಾವ ಹಲಗೆ? ನಿನ್ನ ಹತ್ತಿರ ಉಂಟಾ?" ನಕ್ಕ. "ಕುಶಾಲಪ್ಪ ಎಲ್ಲ ಹೇಳಿದ. ಅಲ್ಲ ಮುನಿರಾಜ, ಸೊಳ್ಳೆ ಹೊಡೆಯದವ ನೀನು. ನನ್ನನ್ನು ಎಂತ ಮಾಡ್ತೀ?"

ನನ್ನ ಕೈ ಮುಷ್ಟಿಯಾಗಿತ್ತು. ಸತ್ಯ ಹೇಳುತ್ತೇನೆ, ಅವನ ಹಲ್ಲುಗಳನ್ನು ನಾನು ನಿಜವಾಗಿಯೂ ಎಣಿಸುತ್ತಿದ್ದೆ!

"ನಾಳೆ ಅಣ್ಣು ಬಾಯಿ ಬಿಟ್ಟರೆ ದೈವ ನೋಡಿಕೊಳ್ತದೆ," ಎಂದ ಅವನು, ಸಾರು ಸುರಿದುಕೊಳ್ಳುತ್ತಾ. "ಬಿಡದಿದ್ದರೆ ಸರ್ಕಾರ ನೋಡಿಕೊಳ್ತದೆ. ನನಗೆಂತ?"

ಹೊರಗೆ ಬಂದೆ. ಇನ್ನು ಒಂದು ನಿಮಿಷ ಅಲ್ಲಿ ನಿಂತಿದ್ದರೆ ನನ್ನ ವ್ರತ ಒಂದಲ್ಲ, ಅಹಿಂಸೆಯೂ ಸೇರಿ ಐದೂ ಮುರಿಯುತ್ತಿದ್ದವು.

ಅಂಗಳದ ಬಾವಿಕಟ್ಟೆಯ ಹತ್ತಿರ ಅವನ ತಾಯಿ ಅನಂತಮತಿ ಅಮ್ಮ ನೀರು ಸೋಸುತ್ತಿದ್ದರು. ಬೆಳ್ಳಿಕೂದಲು, ಬಿಳಿ ಸೀರೆ. ಕೊಡಪಾನದ ಬಾಯಿಗೆ ದಪ್ಪ ಬಟ್ಟೆ ಕಟ್ಟಿ ನೀರು ಹೊಯ್ದರು. ಆಮೇಲೆ ಆ ಬಟ್ಟೆಯನ್ನು ಬಿಂದಿಗೆಯೊಂದರಲ್ಲಿ ಜಾಲಾಡಿಸಿ, ಆ ನೀರನ್ನು ಹಗ್ಗ ಕಟ್ಟಿ ಮೆಲ್ಲಗೆ ಬಾವಿಗೇ ಇಳಿಸಿದರು. ನನ್ನ ಅಮ್ಮನೂ ಹಾಗೆಯೇ ಮಾಡುತ್ತಿದ್ದಳು.

ನೀರಿನಲ್ಲಿ ಕಣ್ಣಿಗೆ ಕಾಣದ ಜೀವಕ್ಕೆ ನೋವಾಗಬಾರದೆಂದು ಸೋಸಿ ಕುಡಿಯುವ ಮನೆ ಅದು. ಆ ಮನೆಯ ಮಗ ಒಂಬತ್ತು ಜನರನ್ನು ನೀರಿಗೆ ಹೊಯ್ದಿದ್ದ!

ಆಗ ನನಗೆ ಹೊಳೆಯಿತು. ಅಳಿಯಸಂತಾನ ಕಟ್ಟಿನ ಮನೆ. ನಮ್ಮಲ್ಲಿ ಮನೆ ಹೆಂಗಸಿನದು. ಸಂಪತ್‌ಕುಮಾರ ಬಂದರಿನಲ್ಲಿ ಧನಿ, ಕಡವಿನಲ್ಲಿ ಧನಿ. ದೈವದ ಕೋಣೆಯ ಬಾಗಿಲಲ್ಲಿ ಮಾತ್ರ ಅಲ್ಲ. ಅಲ್ಲಿ ಯಜಮಾನ್ತಿ ಈ ಮುದುಕಿ. ಅಣ್ಣುವಿನ ಸತ್ಯವನ್ನು ಬೇರೆಲ್ಲಾದರೂ ಹಾಕಿಸಿದ್ದರೆ ಆಗುತ್ತಿತ್ತು. ಧಿಮಾಕಿನಿಂದ ತನ್ನ ಮನೆಯಲ್ಲೇ ಹಾಕಿಸಿದ್ದ. ಮನೆ ತನ್ನದಲ್ಲ ಎಂಬುದನ್ನು ಮರೆತಿದ್ದ!

"ಅಮ್ಮ, ಅದನ್ನು ಅಲ್ಲಿಗೇ ಯಾಕೆ ಬಿಡುವುದು?" ಎಂದು ಕೇಳಿದೆ.

"ನಿನಗೆ ಗೊತ್ತಿಲ್ಲದ್ದಾ ಮಗಾ? ಯಾವ ನೀರಿನಿಂದ ತೆಗೆದದ್ದೋ ಅದೇ ನೀರಿಗೆ ಬಿಡಬೇಕು. ಬೇರೆ ಕಡೆ ಇಟ್ಟರೆ ಸಾಯ್ತದೆ."

"ಹಾಗಾದರೆ ಅಣ್ಣುವಿನ ಮಾತನ್ನು ನೀವು ಯಾಕೆ ಇಟ್ಟುಕೊಂಡಿದ್ದೀರಿ?"

ಹಗ್ಗ ನಿಂತಿತು. "ಅರಶಿನ ಬಟ್ಟೆಯದ್ದಾ? ಅದು ಕೆಲಸಕ್ಕೆ ನಿಯತ್ತಿನಿಂದ ಇರ್ತೇನೆ ಅಂತ ಕಟ್ಟಿದ್ದು ಅಂತ ಸಂಪತ್ತು ಹೇಳಿದ್ದ."

ಹೇಳಿದೆ. ಎಲ್ಲ ಹೇಳಿದೆ. ಮಂಜಿ, ಹುಳ, ಡಾಂಬರು, ಸೇಸಮ್ಮ, ಕಾಂತಿಯ ಹೊಟ್ಟೆ. ಎರಡನೇ ಜಂಗಲ್.

ಹಿಂದಿನಿಂದ ಸ್ವರ ಬಂತು. ಸಂಪತ್‌ಕುಮಾರ, ಎಂಜಲು ಕೈಯಲ್ಲೇ. "ಅಮ್ಮ, ಅವನ ಮಾತು ಕೇಳಬೇಡಿ. ಹಸಿ ಸುಳ್ಳು!"

ಮುದುಕಿ ಮಗನ ಕಡೆಗೆ ತಿರುಗಿದರು.

"ಕುಶಾಲಪ್ಪ ಈಗಷ್ಟೇ ನಗಾಡ್ತಾ ಇದ್ದ ಮಗಾ. ಇವನಿಗೆ ಸುಳ್ಳು ಹೇಳಲಿಕ್ಕೇ ಬರುವುದಿಲ್ಲ ಅಂತ."

ಅಷ್ಟೇ ಅಂದರು. ಕೊಡಪಾನ ಸೊಂಟಕ್ಕೇರಿಸಿಕೊಂಡು ಒಳಗೆ ಹೋದರು. ಬಾಗಿಲು ಹಾಕಿಕೊಂಡಿತು.

ನಾನು ಕಾದೆ. ಬಾಗಿಲು ತೆರೆಯಲಿಲ್ಲ. ಹೊತ್ತು ಮುಳುಗಿತು. ಆ ದಿನದ ಊಟವೂ ಮುಳುಗಿತು.

ಮರುದಿನ ಮಂಜು ಕರಗುವ ಹೊತ್ತಿಗೆ ಪೊಯ್ಯೆಕಡವಿನಲ್ಲಿ ಜಾತ್ರೆಯಷ್ಟು ಜನ. ಹೊನ್ನೆಮರದ ಕೆಳಗೆ ಮೇಜು, ಕುರ್ಚಿ. ವಿಚಾರಣೆಯ ಸಾಹೇಬರು ಮೈಸೂರು ಕಡೆಯ ಯುವಕ. ಅಣ್ಣುವಿನ ಕೈಗೆ ಕೋಳ. ಕಾಂತಿ ಮರಕ್ಕೆ ಒರಗಿ ನಿಂತಿದ್ದಳು. ಸಲಾಂ ಮಾತ್ರ ಬೆಳಗಿನಿಂದ ಪತ್ತೆಯಿಲ್ಲ. ನಾನು ಬಸ್ಸಿನಲ್ಲಿ ಬಂದಿದ್ದೆ. ದಡದಲ್ಲಿ ಎರಡನೇ ಜಂಗಲ್, ಹೊಸ ಡಾಂಬರು ಬಳಿದುಕೊಂಡು ಮದುಮಗನ ಹಾಗೆ ಹೊಳೆಯುತ್ತಿತ್ತು.

ನನಗೆ ತಿಳಿದದ್ದನ್ನು ಹೇಳಿದೆ.

"ಆ ಹಲಗೆ ಎಲ್ರೀ?" ಎಂದರು ಸಾಹೇಬರು.

"ಪುಡಿಯಾಯಿತು."

ಕುಶಾಲಪ್ಪ ಕಿಸಕ್ಕನೆ ನಕ್ಕ.

"ಹಲಗೆ ಬೇಡ ಸಾರ್. ಆ ಎರಡನೇ ಜಂಗಲನ್ನು ಕೆರೆದು ನೋಡಿ!" ಎಂದೆ ನಾನು.

ಸಂಪತ್‌ಕುಮಾರ ಎದ್ದ. ನಯವಾಗಿ ಕೈಮುಗಿದ. "ಫಿಟ್‌ನೆಸ್ ಸರ್ಟಿಫಿಕೇಟ್ ಉಂಟು ಸ್ವಾಮಿ. ಇನ್ಶೂರೆನ್ಸಿನ ಬಾಡಿಗೆ ಮನುಷ್ಯನ ಮಾತಿಗೆ ನನ್ನ ದೋಣಿಗೆ ತೂತು ಮಾಡುವುದಾ? ನಾಳೆ ಅದು ಮುಳುಗಿದರೆ ಯಾರು ಹೊಣೆ?"

ಜನರಲ್ಲಿ ಯಾರೋ ಹೌದು ಹೌದು ಎಂದರು. ಸಾಹೇಬರು ಪೆನ್ನು ತಿರುಗಿಸಿದರು.

"ನೋಡ್ರೀ, ಕಾಗದ ಸರಿಯಾಗಿದೆ. ಹಲಗೆ ತಂದದ್ದು ಯಾರು, ಎಲ್ಲಿಂದ ಅಂತ ಹೇಳೋ ಒಬ್ಬ ಸಾಕ್ಷಿ ಬೇಕು ನಂಗೆ. ಅಣ್ಣು, ಕೊನೇ ಸಲ ಕೇಳ್ತಿದ್ದೀನಿ. ಹೇಳ್ತೀಯೋ ಇಲ್ವೋ?"

ಅಣ್ಣು ಕಾಂತಿಯನ್ನು ನೋಡಿದ. ಅವಳ ಹೊಟ್ಟೆಯನ್ನು ನೋಡಿದ. ಆಮೇಲೆ ನೆಲವನ್ನು.

ಸಾಹೇಬರು ಬರೆಯಲು ಬಗ್ಗಿದರು.

ಆಗಲೇ ಹಿಂಬದಿಯ ಗಾಜಿಲ್ಲದ ಒಂದು ಆಸ್ಟಿನ್ ಕೆಮ್ಮುತ್ತಾ ಬಂದು ನಿಂತಿತು. ಸಲಾಂ ಇಳಿದು ಹಿಂದಿನ ಬಾಗಿಲು ತೆರೆದ. ಅನಂತಮತಿ ಅಮ್ಮ ಇಳಿದರು.

ನಾನು ಸಲಾಂನನ್ನು ನೋಡಿದೆ. ಅವನು ಭುಜ ಕುಣಿಸಿದ. "ನನ್ನನ್ನೆಂತ ನೋಡುವುದು? ಅಮ್ಮನೇ ಹೇಳಿಕಳಿಸಿದ್ದು."

ಮುದುಕಿ ಯಾರನ್ನೂ ನೋಡಲಿಲ್ಲ. ಮೇಜು ದಾಟಿ, ಮಗನನ್ನು ದಾಟಿ, ನೇರ ದಡಕ್ಕೆ ಇಳಿದರು. ಜಂಗಲ್ ಹತ್ತಿ ನಡುವೆ ಕಾಲು ಮಡಚಿ ಕೂತರು. ಹಿಂದೆಯೇ ಹತ್ತಲು ಹೋದ ಹೆಂಗಸರನ್ನು ಕೈಯೆತ್ತಿ ತಡೆದರು.

"ನೀವು ಯಾರೂ ಬರಬೇಡಿ." ಜಂಗಲ್ ನಡೆಸುವ ಬಿದಿರಿನ ಗಳು ಹಿಡಿದವನಿಗೆ ಹೇಳಿದರು, "ಬಿಡು ಮಗಾ. ಸೇಸಮ್ಮ ಹೋದಲ್ಲಿಗೆ."

ಅವನು ಗಳು ಊರಿದ. ಜಂಗಲ್ ದಡ ಬಿಟ್ಟಿತು. ಒಂದು ಮಾರು. ಎರಡು ಮಾರು. ಮಡುವಿನ ಕಡೆಗೆ...

"ಅಮ್ಮಾ!"

ಸಂಪತ್‌ಕುಮಾರನ ನಯ ಎಲ್ಲಿ ಹೋಯಿತೋ! ಕುರ್ಚಿ ಮಗುಚಿತು. ಓಡಿದ. ಬಿಳಿ ಪಂಚೆಯಲ್ಲೇ ಸೊಂಟದವರೆಗೆ ನೀರಿಗೆ ನುಗ್ಗಿದ.

"ತಿರುಗಿಸೋ! ತಿರುಗಿಸು ಅಂದೆ! ನಡುನೀರಿಗೆ ಹೋಗಬೇಡ, ಅದು ತಡೆಯುವುದಿಲ್ಲ! ಅಮ್ಮನನ್ನು ಇಳಿಸೋ!"

ಹೊಳೆ ಆ ಮಾತನ್ನು ಆಚೆ ದಡಕ್ಕೆ ಕೊಂಡುಹೋಗಿ ಇನ್ನೊಮ್ಮೆ ಹೇಳಿತು.

ದಡದಲ್ಲಿ ನಿಂತಿದ್ದವರೆಲ್ಲ ಅವನ ಕಡೆಗೆ ತಿರುಗಿದರು.

ಸಾಹೇಬರು ಪೆನ್ನು ಕೆಳಗಿಟ್ಟರು. "ಯಾಕ್ರೀ? ಫಿಟ್‌ನೆಸ್ ಇದೆ ಅಂದ್ರಲ್ಲ?"

ಸಂಪತ್‌ಕುಮಾರ ನೀರಿನಲ್ಲೇ ನಿಂತಿದ್ದ. ಬಾಯಿ ತೆರೆದಿತ್ತು.

ಜಂಗಲ್ ತಿರುಗಿ ಬಂತು. ಹಲಗೆಗಳ ಸಂದಿಯಿಂದ ನೀರು ಜಿನುಗಿ ಅನಂತಮತಿ ಅಮ್ಮನ ಸೀರೆಯ ಅಂಚು ಒದ್ದೆಯಾಗಿತ್ತು. ಅವರು ಇಳಿದರು. ಮಗ ಕೈ ಚಾಚಿದ. ಹಿಡಿಯಲಿಲ್ಲ. ಅಣ್ಣುವಿನ ಎದುರು ಬಂದು ನಿಂತು, ಸೊಂಟದಿಂದ ಒಂದು ಚಿಕ್ಕ ಅರಶಿನ ಗಂಟು ತೆಗೆದು, ಕೋಳ ಹಾಕಿದ ಅವನ ಕೈಯೊಳಗೆ ಇಟ್ಟರು. ಬೆರಳುಗಳನ್ನು ತಾವೇ ಮಡಚಿದರು.

"ಎಲ್ಲಿಂದ ತೆಗೆದದ್ದೋ ಅಲ್ಲಿಗೇ," ಎಂದರು. ನಾನು ಹತ್ತಿರವಿದ್ದದ್ದರಿಂದ ಕೇಳಿಸಿತು. ಅಷ್ಟು ಮೆಲ್ಲಗೆ.

ಅಣ್ಣು ಹಲ್ಲಿನಿಂದ ಗಂಟು ಬಿಚ್ಚಿದ. ನಾಣ್ಯ ಮರಳಿಗೆ ಬಿತ್ತು. ಕಾಂತಿ ಬಗ್ಗಲಾರದೆ ಬಗ್ಗಿ ಅದನ್ನು ಹೆಕ್ಕಿ ಕಣ್ಣಿಗೊತ್ತಿಕೊಂಡಳು.

"ನಾನೇ ತಂದದ್ದು ಸ್ವಾಮಿ." ಎಷ್ಟೋ ದಿನ ಆಡದ ಸ್ವರ, ತುಕ್ಕು ಹಿಡಿದ ಬಾಗಿಲಿನ ಹಾಗೆ. "ಮಂಗಳೂರು ಬಂದರಿನಿಂದ. ಒಡೆದು ಹಾಕಿದ ಮಂಜಿಯ ಹಲಗೆ. ಎರಡು ಜಂಗಲಿಗೂ ಅದೇ. ನಾನೇ ಗಳು ಹಾಕಿ ತಂದದ್ದು... ಅದೇ ಹಲಗೆಯ ಮೇಲೆ ನನ್ನ ಅಮ್ಮನನ್ನು ಕೂರಿಸಿದೆ ಸ್ವಾಮಿ! ನಾನೇ ಕೈ ಹಿಡಿದು ಕೂರಿಸಿದೆ!"

ಸಾಹೇಬರು ಎದ್ದು ಜಂಗಲಿನ ಹತ್ತಿರ ಹೋದರು. ಬಗ್ಗಿ, ಹೊಸ ಡಾಂಬರಿನ ಮೇಲೆ ತಮ್ಮ ಹೆಬ್ಬೆರಳು ಇಟ್ಟು ಒತ್ತಿದರು.

ಬೆರಳು ಒಳಗೆ ಹೋಯಿತು.

ಕುಶಾಲಪ್ಪ ಲಾರಿಯ ಕಡೆಗೆ ಓಡಿದ. ಟೈರುಗಳಲ್ಲಿ ಗಾಳಿ ಇರಲಿಲ್ಲ. ಸಲಾಂ ಆಕಾಶ ನೋಡುತ್ತಾ ಬೀಡಿ ಹಚ್ಚಿದ.

ಅಣ್ಣುವಿನ ಕೋಳ ಕಳಚಿ ಸಂಪತ್‌ಕುಮಾರನಿಗೆ ಹಾಕುವ ಹೊತ್ತಿಗೆ ಅವನು ಒದ್ದೆ ಮರಳಿನ ಮೇಲೆ ಕುಸಿದು ಕೂತಿದ್ದ. ನನ್ನನ್ನು ನೋಡಿದ.

"ಮುನಿರಾಜ... ಗಂಟಲು ಒಣಗಿದೆ. ಒಂದು ಲೋಟ ನೀರು..."

"ಹೊಳೆ ಎದುರೇ ಉಂಟಲ್ಲ ಧನಿ!" ಎಂದ ಸಲಾಂ. "ಜಂಗಲ್ ಕೂಡ ಉಂಟು!"

ನನ್ನ ಕೋಪ ಇನ್ನೂ ಆರಿರಲಿಲ್ಲ. ಈಗಲೂ ಪೂರ್ತಿ ಆರಿಲ್ಲ. ಆದರೂ ಮೇಜಿನ ಮೇಲಿದ್ದ ಲೋಟದ ಬಾಯಿಗೆ ಹೆಗಲ ಬೈರಾಸು ಬಟ್ಟೆ ಬಿಗಿದು ಹೊಳೆಯ ನೀರು ಹೊಯ್ದೆ.

ಕೊಟ್ಟೆ. ಸೋಸಿಯೇ ಕೊಟ್ಟೆ.